ಕುದುರೆ ನನ್ನದು, ಗಾಡಿ ಯಾರದೋ

ಟ್ರೈಲರ್ ಓಡಿಸುವವರ ಬಾಯಲ್ಲಿ ಲಾರಿಯ ಮುಂಭಾಗಕ್ಕೆ, ಅಂದರೆ ಎಂಜಿನ್ನೂ ಡ್ರೈವರ್ ಕೂರುವ ಕ್ಯಾಬಿನ್ನೂ ಇರುವ ಭಾಗಕ್ಕೆ, 'ಹಾರ್ಸ್' ಎಂದು ಹೆಸರು. 'ಪುಲ್ಲರ್' ಎನ್ನುವವರೂ ಇದ್ದಾರೆ. ನಮ್ಮ ಮಾವ ಮಾತ್ರ ಹಾರ್ಸ್ ಅಂತಲೇ ಅನ್ನುತ್ತಾರೆ, ಖುಷಿಯಲ್ಲಿದ್ದಾಗ 'ನನ್ ಕುದುರೆ' ಅಂತಲೂ. ಹಿಂದೆ ಕಂಟೈನರ್ ಹೊರುವ ಉದ್ದನೆಯ ಕಬ್ಬಿಣದ ಚೌಕಟ್ಟು ಟ್ರೈಲರ್. ಎರಡೂ ಕೂಡುವ ಜಾಗದಲ್ಲಿ ಗ್ರೀಸು ಮೆತ್ತಿದ ದಪ್ಪನೆಯ ತಟ್ಟೆಯೊಂದಿರುತ್ತದೆ. ಅದಕ್ಕೆ ಫಿಫ್ತ್ ವೀಲ್, ಐದನೇ ಚಕ್ರ ಎನ್ನುತ್ತಾರೆ. ಉರುಳದ ಈ ತಟ್ಟೆಗೆ ಚಕ್ರದ ಹೆಸರು ಯಾಕೆ ಬಂತು ಎಂದು ಹುಡುಕಿದರೆ ಮತ್ತೆ ಕುದುರೆಯೇ ಸಿಗುತ್ತದೆ. ನಾಲ್ಕು ಚಕ್ರದ ಸಾರೋಟುಗಳಲ್ಲಿ ಮುಂದಿನ ಅಚ್ಚು ಎಡಕ್ಕೂ ಬಲಕ್ಕೂ ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಒಂದು ಬಳೆಯನ್ನು ಕೂರಿಸುತ್ತಿದ್ದರು. ಅದೇ ಐದನೆಯ ಚಕ್ರ. ಸಾರೋಟು ಹೋಯಿತು, ಕುದುರೆ ಹೋಯಿತು, ಹೆಸರುಗಳು ಹಾಸನದ ಬೈಪಾಸಿನ ಪಕ್ಕದ ಒಂದು ಯಾರ್ಡಿನಲ್ಲಿ ಬಂದು ನಿಂತಿವೆ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸುಗಳಲ್ಲಿ ತುಂಬಿದ ಕಂಟೈನರುಗಳನ್ನು ಶಿರಾಡಿ ಘಾಟಿ ಇಳಿಸಿ ಪಣಂಬೂರಿನ ನವಮಂಗಳೂರು ಬಂದರಿಗೆ ಮುಟ್ಟಿಸುವುದು, ಖಾಲಿ ಕಂಟೈನರ್ ಹೊತ್ತು ವಾಪಸು ಹತ್ತುವುದು, ಇದು ಅವರ ಕೆಲಸ. ಅರವತ್ತು ಕಿಲೋದ ಮುನ್ನೂರ ಇಪ್ಪತ್ತು ಚೀಲ ಹಿಡಿದರೆ ಇಪ್ಪತ್ತಡಿಯ ಒಂದು ಕಂಟೈನರಿನಲ್ಲಿ 19.2 ಟನ್ ಕಾಫಿ. ಕಂಟೈನರಿನ ತೂಕ, ಟ್ರೈಲರಿನ ತೂಕ, ಹಾರ್ಸಿನ ತೂಕ ಎಲ್ಲ ಸೇರಿದರೆ ಮೂವತ್ತೈದು ಟನ್ನಿನ ಆಸುಪಾಸು. ಗಮನಿಸಿ, ಈ ದಾರಿಯಲ್ಲಿ ಹತ್ತುವಾಗ ಖಾಲಿ, ಇಳಿಯುವಾಗ ಭರ್ತಿ. ಉಲ್ಟಾ ಇದ್ದಿದ್ದರೆ ಮಾವನ ಕೂದಲು ಇಷ್ಟು ಬೇಗ ಬೆಳ್ಳಗಾಗುತ್ತಿರಲಿಲ್ಲವೇನೋ.

ನಾನು ಕರಾವಳಿಯ ಒಂದು ತಾಂತ್ರಿಕ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಬ್ರೇಕ್ ಲೈನರ್. ಚಕ್ರದ ಡ್ರಮ್ಮಿನ ಒಳಗೆ ಉಜ್ಜಿ ಗಾಡಿಯನ್ನು ನಿಲ್ಲಿಸುವ ಆ ಒರಟು ಪಟ್ಟಿಯಲ್ಲಿ ಏನೇನು ಬೆರೆಸಿದರೆ ಒಳ್ಳೆಯದು, ಅಡಿಕೆ ಸಿಪ್ಪೆಯ ನಾರು ಸೇರಿಸಿದರೆ ಏನಾಗುತ್ತದೆ ಎನ್ನುವುದು ನನ್ನ ಐದು ವರ್ಷದ ಚಿಂತೆ. ಪ್ರಯೋಗಾಲಯದಲ್ಲಿ ಬೆರಳು ಗಾತ್ರದ ಒಂದು ಕಡ್ಡಿಯನ್ನು ತಿರುಗುವ ಉಕ್ಕಿನ ತಟ್ಟೆಗೆ ಒತ್ತಿಹಿಡಿಯುವ ಯಂತ್ರವಿದೆ. ಅದು ತಿರುಗುತ್ತದೆ, ಕಡ್ಡಿ ಸವೆಯುತ್ತದೆ, ಕಂಪ್ಯೂಟರಿನ ಪರದೆಯಲ್ಲಿ ಗೆರೆಯೊಂದು ಏರಿ ಇಳಿಯುತ್ತದೆ. ಲೈನರನ್ನು ಹಿಡಿದಿಟ್ಟುಕೊಳ್ಳುವ ಫಿನಾಲಿಕ್ ರಾಳ 300 ಡಿಗ್ರಿ ದಾಟಿದ ಮೇಲೆ ಒಡೆಯುತ್ತ, ಅನಿಲ ಬಿಡುತ್ತ ಹೋಗುತ್ತದೆ. ಆಗ ಗೆರೆ ಕೆಳಗೆ ಬೀಳುತ್ತದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಫೇಡ್ ಎನ್ನುತ್ತೇವೆ. ಮಾವನ ಭಾಷೆಯಲ್ಲಿ ಅದು 'ಬ್ರೇಕ್ ಸಿಗ್ತಿಲ್ಲ'. ಗೆರೆ ಬಿದ್ದಾಗ ನಾನು ಖುಷಿಯಿಂದ ಪ್ರಬಂಧಕ್ಕೊಂದು ಚಿತ್ರ ಸಿಕ್ಕಿತು ಎಂದುಕೊಳ್ಳುತ್ತೇನೆ.

ಈ ಸಂಕ್ರಾಂತಿಗೆ ಊರಿಗೆ ಹೋದವಳು ವಾಪಸು ಬರುವಾಗ ಮಾವನ ಗಾಡಿಯಲ್ಲೇ ಬಂದೆ. ಅಮ್ಮನಿಗೆ ಸುತಾರಾಂ ಇಷ್ಟವಿರಲಿಲ್ಲ. "ಬಸ್ಸಿಲ್ವಾ ಲೋಕದಲ್ಲಿ? ಹೆಣ್ಮಗು ಲಾರೀಲಿ ಕೂತ್ಕಂಡು ಹೋಗೋದಾ?" ಎಂದು ತಮ್ಮನ ಮೇಲೆ ರೇಗಿದಳು. ಮಾವ, "ಬ್ರೇಕ್ ಓದ್ತಾವ್ಳೆ ಕಣಕ್ಕ, ಬ್ರೇಕ್ ನೋಡ್ಲಿ ಬಿಡು," ಎಂದರು. ನನಗೂ ನೋಡಬೇಕಿತ್ತು. ಬ್ಯಾಗಿನಲ್ಲಿ ಪ್ರಯೋಗಾಲಯದ, ದೂರದಿಂದಲೇ ಶಾಖ ಅಳೆಯುವ ಪಿಸ್ತೂಲಿನಂಥ ಥರ್ಮಾಮೀಟರ್ ಇತ್ತು.

ಬೆಳಗಿನ ಜಾವ ನಾಲ್ಕೂವರೆಗೆ ಯಾರ್ಡಿನಲ್ಲಿದ್ದೆವು. ಜನವರಿಯ ಮಂಜು, ಟಾರ್ಚಿನ ಬೆಳಕು ನಾಲ್ಕು ಮಾರಿಗೇ ನಿಂತುಬಿಡುತ್ತಿತ್ತು. ಹಾರ್ಸ್ ಮಾವನದೇ, ಅಂದರೆ ಮಾಲೀಕರದ್ದೇ ಆದರೂ ಆರು ವರ್ಷದಿಂದ ಅವರೊಬ್ಬರೇ ಓಡಿಸುತ್ತಿರುವುದು. ಡ್ಯಾಶ್‌ಬೋರ್ಡಿನ ಮೇಲೆ ಮಂಜುನಾಥಸ್ವಾಮಿ, ಬಂಪರಿಗೆ ಒಣಗಿದ ನಿಂಬೆಹಣ್ಣು ಮೆಣಸಿನಕಾಯಿ, ಸೀಟಿನ ಹಿಂದೆ ಅತ್ತೆ ಹೊಲಿದುಕೊಟ್ಟ ಕೌದಿ. ಅದರ ಸುತ್ತ ಮಾವ ಒಂದು ಸುತ್ತು ಬಂದರು ಅಷ್ಟೆ. ಆಯಿಲ್ ಕಡ್ಡಿ ಎಳೆದು ನೋಡಿದರು, ರೇಡಿಯೇಟರ್ ನೀರು ನೋಡಿದರು, ಟೈರುಗಳಿಗೆ ಪಾನದಿಂದ ಒಂದೊಂದು ಏಟು ಕೊಟ್ಟರು. "ಇದುಕ್ಕೇನು, ರಾತ್ರಿ ಕೆಮ್ಮಿದ್ರೂ ನಂಗೆ ಗೊತ್ತಾಗ್ತದೆ" ಎಂದರು.

ಟ್ರೈಲರಿನ ವಿಷಯ ಹಾಗಲ್ಲ. ಅವರು ಯಾವಾಗಲೂ ಎಳೆಯುವ ಟ್ರೈಲರ್ ವರ್ಕ್‌ಶಾಪಿನಲ್ಲಿತ್ತು. ಅವತ್ತು ಲೋಡಾಗಿ ನಿಂತಿದ್ದದ್ದು ಬೇರೊಂದು. ಅದನ್ನು ನಿನ್ನೆ ಯಾರು ಎಳೆದರೋ, ಮೊನ್ನೆ ಯಾರು ಎಳೆದರೋ, ಎಲ್ಲಿ ಗುಂಡಿಗೆ ಇಳಿಸಿದರೋ ಹೇಳುವವರಿಲ್ಲ. ಇಡೀ ಲಾರಿಯಾದರೆ ಅದರ ರೋಗವೆಲ್ಲ ಒಬ್ಬ ಡ್ರೈವರಿನ ತಲೆಯಲ್ಲಾದರೂ ದಾಖಲಾಗಿರುತ್ತದೆ. ಟ್ರೈಲರಿಗೆ ಆ ಭಾಗ್ಯವಿಲ್ಲ. ಹತ್ತು ಕುದುರೆಗಳ ಹಿಂದೆ ಓಡುವ ಗಾಡಿ ಅದು. ಒಬ್ಬ ಡ್ರೈವರ್ ಬ್ರೇಕ್ ಕಚ್ಚಿಕೊಳ್ಳುತ್ತಿದೆ ಎಂದು ದಾರಿಯಲ್ಲಿ ಒಂದು ಚಕ್ರದ ಅಡ್ಜಸ್ಟರ್ ಸಡಿಲ ಮಾಡಿ ಮನೆ ಮುಟ್ಟಿರುತ್ತಾನೆ, ಯಾರಿಗೂ ಹೇಳಿರುವುದಿಲ್ಲ. ಮುಂದಿನವನು ಅದನ್ನೇ ಕಟ್ಟಿಕೊಂಡು ಘಾಟಿ ಇಳಿಯುತ್ತಾನೆ. "ಹೆಣ್ಣು ನೋಡಕ್ಕೆ ಹೋದಾಗ ಎಲ್ರೂ ಚೆನ್ನಾಗೇ ಕಾಣ್ತಾರೆ ಕಣವ್ವ, ಒಂದ್ಸಲ ಊರಲ್ಲಿ ವಿಚಾರಿಸ್ಬೇಕು," ಎಂದು ಮಾವ ಚೌಕಟ್ಟಿನ ಅಡಿಗೆ ಬಗ್ಗಿದರು. ಗಂಡು ನೋಡಲು ಹೋದಾಗಲೂ ಹಾಗೇ ಅಲ್ಲವೇ ಎಂದು ಕೇಳುವ ಮನಸ್ಸಾಯಿತು. ಮದುವೆಯ ಮಾತು ನನ್ನ ಕಡೆಗೇ ತಿರುಗುವ ಅಪಾಯವಿದ್ದುದರಿಂದ ಸುಮ್ಮನಾದೆ.

ಮೊದಲು ಐದನೇ ಚಕ್ರ. ಟ್ರೈಲರಿನ ಕೆಳಗೆ ಇಳಿಬಿದ್ದ ಕಿಂಗ್‌ಪಿನ್ನನ್ನು ತಟ್ಟೆಯ ದವಡೆ ಕಚ್ಚಿ ಹಿಡಿದಿದೆಯೇ ಎಂದು ಮಲಗಿಕೊಂಡೇ ಟಾರ್ಚ್ ಬಿಟ್ಟು ನೋಡಬೇಕು. ಮೇಲಿನಿಂದ ನೋಡಿದರೆ ಕೂತಂತೆಯೇ ಕಾಣುತ್ತದೆ. ಪಿನ್ನು ದವಡೆಯ ಒಳಗೆ ಹೋಗದೆ ಮೇಲೆಯೇ ಕೂತು ಮೋಸ ಮಾಡುವುದುಂಟು. ತಟ್ಟೆಗೂ ಟ್ರೈಲರಿಗೂ ನಡುವೆ ಬೆಳಕು ಕಂಡರೆ ಕೂತಿಲ್ಲವೆಂದೇ ಲೆಕ್ಕ. ನೋಡಿ ಆದಮೇಲೆ ಮಾವ ಮೇಲೆ ಹತ್ತಿ ಟ್ರೈಲರಿನ ಬ್ರೇಕ್ ಮಾತ್ರ ಹಿಡಿದು ಹಾರ್ಸನ್ನು ಒಮ್ಮೆ ಮೆಲ್ಲಗೆ ಮುಂದಕ್ಕೆ ಜಗ್ಗಿದರು. ಜಗ್ಗಿದರೂ ಬಿಡಲಿಲ್ಲ. ಆಮೇಲೆ ಟ್ರೈಲರಿನ ಎರಡು ಕಾಲುಗಳನ್ನು ಹ್ಯಾಂಡಲ್ ತಿರುಗಿಸಿ ಪೂರ್ತಿ ಮೇಲೆತ್ತಿದರು.

ನಂತರ ಕಂಟೈನರ್. ನಾಲ್ಕು ಮೂಲೆಯಲ್ಲಿ ನಾಲ್ಕು ಟ್ವಿಸ್ಟ್ ಲಾಕ್, ನಾಲ್ಕಕ್ಕೂ ಕೈ ಹಾಕಿ ತಿರುಗಿದೆಯೇ ನೋಡಿದರು. ಬಾಗಿಲ ಸೀಲಿನ ನಂಬರನ್ನು ಕಾಗದದ ನಂಬರಿಗೆ ಹೋಲಿಸಲು ನನ್ನನ್ನು ಕರೆದರು. ಕನ್ನಡಕ ತಂದಿದ್ದರೂ ಹಾಕಿಕೊಳ್ಳಲು ಅವರಿಗೆ ಮನಸ್ಸಿಲ್ಲ. ಐವತ್ನಾಲ್ಕು ವಯಸ್ಸಿನ ಡ್ರೈವರ್ ಕನ್ನಡಕ ಹಾಕಿದ್ದನ್ನು ಆಫೀಸಿನವರು ನೋಡಿದರೆ ಲಾಂಗ್ ಟ್ರಿಪ್ಪಿನಿಂದ ತೆಗೆಯುತ್ತಾರೆ ಎನ್ನುವ ಭಯ ಅವರಿಗಿದೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದಕ್ಕೆ ಮಾತ್ರ ತೊಂದರೆ ಎಂದು ಅತ್ತೆ ಹೇಳಿದ್ದಳು. ಟೈರಿನ ನಟ್ಟುಗಳನ್ನು ಅವರು ಕಣ್ಣಿಗಿಂತ ಬೆರಳಿನಿಂದಲೇ ಹೆಚ್ಚು ನೋಡಿದರು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹೊರಗೆ ಹರಿದಿದ್ದರೆ ಅದು ಸಡಿಲವಾಗಿ ಅಲ್ಲಾಡುತ್ತಿದೆ ಎಂದರ್ಥ. ಇದನ್ನು ನಾನು ಎಲ್ಲೂ ಓದಿರಲಿಲ್ಲ.

ಟೈರು ಬಡಿಯುವುದರ ಬಗ್ಗೆ ಒಂದು ಮಾತು ಹೇಳಬೇಕು. ಇಡೀ ಗಾಡಿಗೆ ಹದಿನಾಲ್ಕು ಟೈರು. ಹಿಂದಿನವೆಲ್ಲ ಜೋಡಿ ಜೋಡಿ. ಹೊರಗಿನ ಟೈರು ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಒಳಗಿನದರ ಗಾಳಿ ಪೂರ್ತಿ ಇಳಿದರೂ ಹೊರಗಿನದು ಭಾರ ಹೊತ್ತು ಗಾಡಿಯನ್ನು ನೆಟ್ಟಗೆ ನಿಲ್ಲಿಸಿರುತ್ತದೆ. ಹಾಗೇ ಓಡಿಸಿದರೆ ಹೊರಗಿನದು ಇಬ್ಬರ ಭಾರ ಹೊತ್ತು ಸಿಡಿಯುತ್ತದೆ, ಇಲ್ಲವೇ ಒಳಗಿನದು ಮಡಚಿ ಮಡಚಿ ಕಾದು ಹೊತ್ತಿಕೊಳ್ಳುತ್ತದೆ. ಅದಕ್ಕೇ ಕಬ್ಬಿಣದಿಂದ ಬಡಿದು ಸದ್ದು ಕೇಳುವುದು. ಗಾಳಿ ತುಂಬಿದ ಟೈರು ಪಾನವನ್ನು ಮೇಲಕ್ಕೆ ಒದೆಯುತ್ತದೆ, 'ಟಣ್' ಅನ್ನದಿದ್ದರೂ ಹತ್ತಿರ ಹತ್ತಿರ ಹಾಗೇ ಕೇಳಿಸುತ್ತದೆ. ಗಾಳಿ ಇಲ್ಲದ್ದು 'ದೊಪ್' ಎನ್ನುತ್ತದೆ. ಮಾವ ಎಂಟೂ ಟೈರುಗಳನ್ನು ಬಡಿಯುತ್ತ ಹೋಗುವುದನ್ನು ಕತ್ತಲಲ್ಲಿ ಕೇಳುತ್ತಿದ್ದರೆ ಯಾರೋ ಹಲಸಿನಹಣ್ಣು ತಟ್ಟಿ ನೋಡುತ್ತಿರುವಂತಿತ್ತು. ಟೈರಿನ ಗೀರುಗಳು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಮಾವ ಉಗುರು ಇಳಿಸಿ ನೋಡುತ್ತಾರೆ. ಉಗುರು ಮುಚ್ಚಿಕೊಂಡರೆ ಪಾಸು.

ಇನ್ನು ಬ್ರೇಕು. ಲಾರಿಯ ಬ್ರೇಕ್ ಗಾಳಿಯಿಂದ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಗಾಳಿ ಹೋದರೆ ಏನಾಗುತ್ತದೆ ಎನ್ನುವುದರಲ್ಲಿ ನೂರೈವತ್ತು ವರ್ಷದ ಒಂದು ಸೊಗಸಾದ ಯೋಚನೆ ಅಡಗಿದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿ ಬ್ರೇಕಿನ ಪೇಟೆಂಟ್ ಪಡೆದಾಗ, ಗಾಳಿ ತಳ್ಳಿದರೆ ಬ್ರೇಕ್ ಹಿಡಿಯುತ್ತಿತ್ತು. ಪೈಪ್ ಒಡೆದರೆ ಬ್ರೇಕೇ ಇಲ್ಲ. ಮೂರು ವರ್ಷದ ನಂತರ ಆತ ಅದನ್ನು ತಲೆಕೆಳಗು ಮಾಡಿದ. ಪೈಪಿನಲ್ಲಿ ಒತ್ತಡ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಬಿದ್ದರೆ ತಾನಾಗಿ ಹಿಡಿಯುತ್ತದೆ. ಇವತ್ತಿಗೂ ಟ್ರೈಲರಿನ ಕೆಂಪು ಪೈಪು ಕಿತ್ತುಬಂದರೆ ಟ್ರೈಲರ್ ನಿಂತುಬಿಡುತ್ತದೆ. ಪಾರ್ಕಿಂಗ್ ಬ್ರೇಕಂತೂ ದಪ್ಪನೆಯ ಸ್ಪ್ರಿಂಗಿನದು, ಗಾಳಿ ಅದನ್ನು ಹಿಂದಕ್ಕೆ ಅದುಮಿ ಹಿಡಿದಿರುತ್ತದೆ. ನಾನು ಇದನ್ನು ದೊಡ್ಡದಾಗಿ ವಿವರಿಸಲು ಹೊರಟರೆ ಮಾವ, "ಗಾಳಿ ಬ್ರೇಕ್ ಹಾಕಲ್ಲ, ಬ್ರೇಕ್ ಬಿಡ್ಸುತ್ತೆ. ಅಷ್ಟೇ ತಾನೆ?" ಎಂದು ಒಂದೇ ಮಾತಲ್ಲಿ ಮುಗಿಸಿದರು.

ಈ ಏರ್ಪಾಡು ಕಾಯದ ಒಂದು ಜಾಗವಿದೆ. ಪೆಡಲ್ ಒತ್ತಿದಾಗ ಮಾತ್ರ ಗಾಳಿ ನುಗ್ಗುವ ಚೇಂಬರಿನೊಳಗೆ ರಬ್ಬರಿನದೊಂದು ಪೊರೆ ಇರುತ್ತದೆ, ಡಯಾಫ್ರಮ್. ಅದು ಹರಿದಿದ್ದರೆ ಗಾಡಿ ನಿಂತಾಗ ಏನೂ ತಿಳಿಯುವುದಿಲ್ಲ. ಮೀಟರಿನ ಮುಳ್ಳು ಸರಿಯಾಗಿ ನಿಂತಿರುತ್ತದೆ, ಎಲ್ಲೂ ಸದ್ದಿಲ್ಲ. ಪೆಡಲ್ ಒತ್ತಿ ಹಿಡಿದಾಗ ಮಾತ್ರ ಸೋರುತ್ತದೆ. ಪೆಡಲ್ ಒತ್ತುವವನು ಕ್ಯಾಬಿನ್ನಿನಲ್ಲಿ, ಸೋರುವ ಸದ್ದು ಮೂವತ್ತು ಅಡಿ ಹಿಂದೆ, ಚಕ್ರದ ಒಳಗೆ. ಒಬ್ಬನೇ ಮನುಷ್ಯ ಎರಡೂ ಕಡೆ ಇರಲಾರ. ಹಿಂದೆ ಇದಕ್ಕೆ ಕ್ಲೀನರ್ ಇರುತ್ತಿದ್ದ. ಮಾವ ಲಾರಿ ಸೇರಿದ್ದೇ ಹದಿನೈದನೇ ವಯಸ್ಸಿಗೆ ಕ್ಲೀನರ್ ಆಗಿ. ಘಾಟಿ ಹತ್ತುವಾಗ ಗಾಡಿಯ ಪಕ್ಕದಲ್ಲೇ ಮರದ ತುಂಡು ಹಿಡಿದು ಓಡುತ್ತ, ಗಾಡಿ ನಿಂತ ತಕ್ಷಣ ಹಿಂದಿನ ಚಕ್ರಕ್ಕೆ ಅಡ್ಡ ಕೊಡುವುದು ಅವರ ಮೊದಲ ಕೆಲಸ. ಈಗ ಕ್ಲೀನರುಗಳಿಲ್ಲ. ಬಾಡಿಗೆ ಗಿಟ್ಟುವುದಿಲ್ಲ ಎಂದು ಮಾಲೀಕರು ಬಿಟ್ಟರು, ಹುಡುಗರಿಗೂ ಅದಕ್ಕಿಂತ ಬೈಕಿನಲ್ಲಿ ಊಟ ಹಂಚುವುದೇ ವಾಸಿ ಅನ್ನಿಸಿತು. ಒಬ್ಬಂಟಿ ಡ್ರೈವರುಗಳು ಸೀಟಿಗೂ ಪೆಡಲಿಗೂ ನಡುವೆ ಒಂದು ದೊಣ್ಣೆ ಸಿಕ್ಕಿಸಿ ಇಳಿದು ಓಡಿ ಕೇಳುತ್ತಾರೆ. ಎಷ್ಟು ಜನ ಹಾಗೆ ಮಾಡುತ್ತಾರೆ ಎಂದು ಕೇಳಿದೆ. ಮಾವ ನಕ್ಕರು.

ಅವತ್ತು ದೊಣ್ಣೆಯ ಬದಲು ನಾನಿದ್ದೆ. ಡ್ರೈವರ್ ಸೀಟಿನಲ್ಲಿ ಕೂತೆ. ಎಂಜಿನ್ ನಿಲ್ಲಿಸಿದ್ದರು. ಹಿಂದಿನಿಂದ ಕೂಗು ಕೇಳಿತು. "ಒತ್ತವ್ವ!" ಒತ್ತಿದೆ. "ಬಿಡು!" ಬಿಟ್ಟೆ. "ಒತ್ತಿ ಹಿಡ್ಕೊ, ಬಿಡ್ಬೇಡ." ಹಿಡಿದುಕೊಂಡೆ. ಮುಳ್ಳು ನಿಧಾನಕ್ಕೆ, ಗಡಿಯಾರದ ದೊಡ್ಡ ಮುಳ್ಳಿನ ಹಾಗೆ, ನೋಡುತ್ತಿದ್ದಾಗ ಚಲಿಸದೆ, ನೋಡದಿದ್ದಾಗ ಚಲಿಸಿದಂತೆ ಇಳಿಯುತ್ತಿತ್ತು. ಆಮೇಲೆ ಹೊತ್ತಿನವರೆಗೆ ಕೂಗೇ ಇಲ್ಲ. ಕಾಲು ನಡುಗತೊಡಗಿತು. ಕೊನೆಗೆ ಮಾವ ಬಾಗಿಲ ಬಳಿ ಬಂದು, "ಬಾ, ಕೇಳ್ಸ್ಕ," ಎಂದರು. ಈಗ ಅವರು ಮೇಲೆ ಕೂತರು, ನಾನು ಬಲಗಡೆ ಕಡೆಯ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಸ್ಸ್ಸ್ ಎಂದು ಸಣ್ಣಗೆ, ಒಲೆಯ ಮೇಲಿಟ್ಟ ಹಸಿ ಸೌದೆ ಉಸಿರುಬಿಡುವಂತೆ. ಪೆಡಲ್ ಬಿಟ್ಟರು, ನಿಂತಿತು. ಒತ್ತಿದರು, ಮತ್ತೆ ಬಂತು.

ಒಂದು ಲೆಕ್ಕ ಹೇಳಿಬಿಡುತ್ತೇನೆ, ಓದುಗರು ಕ್ಷಮಿಸಬೇಕು, ಇದು ವೃತ್ತಿಯ ಚಾಳಿ. ಸಕಲೇಶಪುರದ ಮೇಲಿನಿಂದ ಗುಂಡ್ಯದವರೆಗೆ ಇಳಿತ ಸುಮಾರು 800 ಮೀಟರ್. ಮೂವತ್ತೈದು ಟನ್ ಭಾರವನ್ನು ವೇಗ ಏರದಂತೆ ಅಷ್ಟು ಇಳಿಸಿದರೆ ಆ ಶಕ್ತಿಯೆಲ್ಲ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಅದು ಸುಮಾರು 870 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು ಶಾಖ. ಜಾತ್ರೆಯ ಅನ್ನಸಂತರ್ಪಣೆಯ ಕೊಪ್ಪರಿಗೆಗಳನ್ನು ನೆನೆಸಿಕೊಳ್ಳಿ. ಅದರಲ್ಲಿ ಒಂದು ಪಾಲನ್ನು ಟೈರು ಮತ್ತು ಎದುರುಗಾಳಿ ತಿನ್ನುತ್ತವೆ, ಕಡಿಮೆ ಗೇರಿನಲ್ಲಿಟ್ಟರೆ ದೊಡ್ಡ ಪಾಲನ್ನು ಎಂಜಿನ್ ತಿನ್ನುತ್ತದೆ. ಉಳಿದದ್ದನ್ನು ಎಂಟು ಡ್ರಮ್ಮುಗಳು ಹಂಚಿಕೊಳ್ಳಬೇಕು. ಒಂದು ಡ್ರಮ್ಮು ಕೆಲಸ ಮಾಡದಿದ್ದರೆ ಅದರ ಪಾಲು ಉಳಿದ ಏಳರ ತಲೆಯ ಮೇಲೆ ಬೀಳುತ್ತದೆ. ಅವು ಹೆಚ್ಚು ಕಾಯುತ್ತವೆ, ಕಾದ ಡ್ರಮ್ಮು ಹಿಗ್ಗುತ್ತದೆ, ಹಿಗ್ಗಿದ ಡ್ರಮ್ಮನ್ನು ಮುಟ್ಟಲು ಲೈನರು ಇನ್ನೂ ದೂರ ಚಾಚಬೇಕು, ಚಾಚಿ ಮುಟ್ಟಿದಾಗ ರಾಳ ಒಡೆಯುವ ಬಿಸಿ. ನನ್ನ ಪರದೆಯ ಗೆರೆ ಕೆಳಗೆ ಬೀಳುವ ಜಾಗ ಅದು. ಪ್ರಯೋಗಾಲಯದಲ್ಲಿ ಆಗ ಸ್ವಿಚ್ ಆರಿಸಬಹುದು.

ಮಾವ ಆಫೀಸಿಗೆ ಫೋನ್ ಮಾಡಿದರು. ಸೂಪರ್‌ವೈಸರ್ ನಿದ್ದೆಗಣ್ಣಿನಲ್ಲಿ ಸಿಕ್ಕಿದ. ಸ್ಪೀಕರಿನಲ್ಲಿಟ್ಟಿದ್ದರಿಂದ ನನಗೂ ಕೇಳುತ್ತಿತ್ತು. ಹಡಗಿಗೆ ಕಂಟೈನರ್ ಒಳಬಿಡುವ ಸಮಯ ಮಧ್ಯಾಹ್ನ ಮುಗಿಯುತ್ತದೆ, ತಪ್ಪಿದರೆ ಮುಂದಿನ ಹಡಗು, ಪಾರ್ಟಿ ಬಾಯಿಗೆ ಬಂದಂತೆ ಬಯ್ಯುತ್ತಾನೆ ಎಂದ. ಇದು ಸುಳ್ಳಲ್ಲ, ಅವನ ಮೇಲೂ ಒಬ್ಬ ಕೂತಿರುತ್ತಾನೆ. ಆಮೇಲೆ, "ಒಂದ್ ಚಕ್ರ ತಾನೆ ಅಣ್ಣ? ಮೆಲ್ಲಗೆ ಘಾಟಿ ಇಳಿಸ್ಬುಡಿ, ಪೋರ್ಟ್ ಹತ್ರ ಮಾಡ್ಸಣ," ಎಂದ.

"ಘಾಟಿ ಇಳಿಯಕ್ಕೇ ಕಣಪ್ಪ ಬ್ರೇಕ್ ಬೇಕಿರೋದು. ಪೋರ್ಟ್ ಹತ್ರ ಯಾಕೆ, ಅಲ್ಲಿ ಸಮುದ್ರ ಐತಲ್ಲ."

ಆ ಕಡೆ ನಗಲಿಲ್ಲ. "ನಿಮ್ಗಾಗಲ್ಲ ಅಂದ್ರೆ ಹೇಳಿ, ಬೇರೆ ಡ್ರೈವರ್ ಕಳಿಸ್ತೀನಿ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗನ ಡಿಪ್ಲೊಮಾ ಫೀಸು ಫೆಬ್ರುವರಿಯಲ್ಲಿ ಕಟ್ಟಬೇಕಿತ್ತು ಎನ್ನುವುದು ನನಗೆ ಗೊತ್ತಿತ್ತು. ಟ್ರಿಪ್ಪಿಗೆ ಇಷ್ಟು ಎಂದು ದುಡ್ಡು, ಟ್ರಿಪ್ ಇಲ್ಲದಿದ್ದರೆ ಇಲ್ಲ. "ಕಳ್ಸಿ," ಎಂದರು. "ಬರೋರ್ಗೆ ಯಾವ ಚಕ್ರ ಅಂತ ನಾನೇ ನಿಂತು ತೋರಿಸ್ಕೊಡ್ತೀನಿ. ಅವ್ರು ಇಳುಸ್ತೀನಿ ಅಂದ್ರೆ ಇಳುಸ್ಲಿ." ಫೋನ್ ಇಟ್ಟರು. ಬೀಗದಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಚಹಾ ತರಲು ಹೋದರು.

ಬೇರೆ ಡ್ರೈವರ್ ಯಾರೂ ಬರಲಿಲ್ಲ. ಎಂಟು ಗಂಟೆಗೆ ಮೆಕ್ಯಾನಿಕ್ ಬಂದ.

ಆ ಮೂರು ಗಂಟೆ ಕೌದಿ ಹೊದ್ದು ಕ್ಯಾಬಿನ್ನಿನಲ್ಲಿ ಕೂತಿದ್ದೆವು. ಅಮೆರಿಕದಲ್ಲಿ ಟ್ರೈಲರ್ ಲೈಸೆನ್ಸಿನ ಪರೀಕ್ಷೆ ಶುರುವಾಗುವುದೇ ಗಾಡಿ ಓಡಿಸುವುದಕ್ಕೆ ಮೊದಲು ಎಂದು ಮಾವನಿಗೆ ಹೇಳಿದೆ. ಅಭ್ಯರ್ಥಿ ಗಾಡಿಯ ಸುತ್ತ ನಡೆಯುತ್ತ, ಒಂದೊಂದೇ ಭಾಗವನ್ನು ತೋರಿಸಿ ಹೆಸರು ಹೇಳಿ, ಅದರಲ್ಲಿ ಏನು ನೋಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಅದರಲ್ಲಿ ಪಾಸಾಗದೆ ಲೈಸೆನ್ಸಿಲ್ಲ. ಗಾಡಿ ಸುರಕ್ಷಿತವಾಗಿದೆ ಎಂದು ಡ್ರೈವರಿಗೆ ಸಮಾಧಾನವಾಗದೆ ಓಡಿಸಕೂಡದು ಎಂದೇ ಅಲ್ಲಿಯ ನಿಯಮ. ಮಾವ ಆಸಕ್ತಿಯಿಂದ ಕೇಳಿದರು. "ಅಲ್ಲಿ ಸೂಪರ್‌ವೈಸರ್ ಇರಲ್ವ?" ಎಂದರು. ಇರುತ್ತಾನೆ ಎಂದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಬಾಡಿಗೆ ಗಾಡಿಗಳಿಗೆ ಎಫ್‌ಸಿ ಇದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆದರೆ ರಬ್ಬರಿನ ಪೊರೆ ಎಫ್‌ಸಿಯ ತಾರೀಕು ನೋಡಿಕೊಂಡು ಹರಿಯುವುದಿಲ್ಲ. ಆ ಎರಡು ತಾರೀಕುಗಳ ನಡುವಿನ ಅಷ್ಟೂ ಬೆಳಗಿನ ಜಾವಗಳನ್ನು ಕಾಯುವವನು ಡ್ರೈವರ್ ಒಬ್ಬನೇ. ಇನ್ನೊಂದು ಕಾನೂನು ನನಗೆ ಹೆಚ್ಚು ಕುತೂಹಲದ್ದು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ ಎನ್ನುತ್ತಿತ್ತು. ಸ್ಟಿಯರಿಂಗ್ ಹಿಡಿದ ಹೊತ್ತಷ್ಟೇ ಅಲ್ಲದೆ ಗಾಡಿಯನ್ನು ವಹಿಸಿಕೊಳ್ಳುವುದು, ಅದರ ನಿಗಾ ಮತ್ತು ದುರಸ್ತಿಗೆ ಹಿಡಿಯುವ ಹೊತ್ತೂ ಆ ಲೆಕ್ಕಕ್ಕೆ ಸೇರುತ್ತಿತ್ತು. ಅಂದರೆ ಕತ್ತಲಲ್ಲಿ ಟೈರು ಬಡಿಯುತ್ತ ಸುತ್ತಿದ ಆ ಒಂದು ಗಂಟೆ ಕೆಲಸವೇ ಎಂದು ಸಂಸತ್ತು ಅರವತ್ತು ವರ್ಷದ ಹಿಂದೆಯೇ ಒಪ್ಪಿದೆ. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಕೊಡುವ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಗಂಟೆಗೆ ದುಡ್ಡಿಲ್ಲದ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಡ್ರೈವರಿಗೆ ನಷ್ಟ. ಮಾವನಿಗೆ ಈ ಕಾಯ್ದೆಯ ವಿಷಯ ಹೇಳಿದಾಗ ಅವರು ಅಮೆರಿಕದ ಕಥೆ ಕೇಳಿದಷ್ಟೇ ಅಚ್ಚರಿಯಿಂದ ಕೇಳಿದರು.

ಮೆಕ್ಯಾನಿಕ್ ಇಪ್ಪತ್ತರ ಹುಡುಗ. ಬಂದವನೇ ಚೇಂಬರಿನ ಹಿಂದಿನ ತೂತಿಗೆ ಉದ್ದನೆಯ ಬೋಲ್ಟೊಂದನ್ನು ತೂರಿಸಿ ತಿರುಗಿಸತೊಡಗಿದ. ಒಳಗಿನ ಪಾರ್ಕಿಂಗ್ ಸ್ಪ್ರಿಂಗನ್ನು ಅದುಮಿ ಬಂಧಿಸದೆ ಬಿಚ್ಚಲು ಹೋದರೆ ಅದು ಫಿರಂಗಿಯಂತೆ ಸಿಡಿದು ಎದುರಿಗಿದ್ದವರನ್ನು ಕೊಲ್ಲಬಲ್ಲದು. ಆ ಬೋಲ್ಟು ಹಾಕುವಷ್ಟು ಹೊತ್ತು ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ನಿಲ್ಲಿಸಿದ್ದರು. ಹಳೆಯ ಡಯಾಫ್ರಮ್ ಹೊರಬಂತು. ಅಂಚಿನಲ್ಲಿ ನನ್ನ ಉಗುರಿನಷ್ಟು ಉದ್ದದ ಸೀಳು. ಹೊಸದಕ್ಕೆ ಐನೂರು ರೂಪಾಯಿಯೂ ಆಗಲಿಲ್ಲ. ಸೀಳಿದ್ದನ್ನು ನಾನು ಇಸಿದುಕೊಂಡೆ, ಈಗ ನನ್ನ ಮೇಜಿನ ಮೇಲೆ ಪೆನ್ನುಗಳ ಪಕ್ಕದಲ್ಲಿದೆ.

ಹತ್ತು ಗಂಟೆಗೆ ಹೊರಟೆವು. ಸಕಲೇಶಪುರ ದಾಟಿ ದೋಣಿಗಾಲಿನ ಹತ್ತಿರ ಬಂದಾಗ ಬಿಸಿಲೇರಿತ್ತು, ಮಂಜರಾಬಾದ್ ಕೋಟೆಯ ಗುಡ್ಡ ಬೆಳ್ಳಗೆ ಹೊಳೆಯುತ್ತಿತ್ತು. ಮಾರನಹಳ್ಳಿಗೆ ಮೊದಲೇ ಮಾವ ಗೇರು ಇಳಿಸಿದರು. ಆಮೇಲೆ ಮಾತು ನಿಂತಿತು. ಕೆಂಪುಹೊಳೆ ಒಮ್ಮೆ ಪಕ್ಕದಲ್ಲಿ, ಒಮ್ಮೆ ಆಳದಲ್ಲಿ. ಎಂಜಿನ್ ಏರುದನಿಯಲ್ಲಿ ಗೊಣಗುತ್ತಲೇ ಇತ್ತು. ಬ್ರೇಕನ್ನು ಅವರು ಒತ್ತುತ್ತಿದ್ದದ್ದು ಅಪರೂಪಕ್ಕೆ, ಒತ್ತಿದರೆ ಗಟ್ಟಿಯಾಗಿ ಒಮ್ಮೆ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟುಬಿಡುತ್ತಿದ್ದರು. ಸವರುತ್ತ ಹೋದರೆ ಡ್ರಮ್ಮಿಗೆ ಆರಲು ಬಿಡುವೇ ಸಿಗುವುದಿಲ್ಲ. ಹಿಂದೆ ಬರುತ್ತಿದ್ದ ಕಾರುಗಳು ಹಾರ್ನ್ ಹೊಡೆದು ಹೊಡೆದು, ತಿರುವಿನಲ್ಲೇ ನುಗ್ಗಿ ಮುಂದೆ ಹೋದವು. ನಮ್ಮನ್ನು ನೋಡಿದವರ ಮುಖದಲ್ಲಿ ಸಿಟ್ಟಿತ್ತು.

ಗುಂಡ್ಯದಲ್ಲಿ ಸಮತಟ್ಟು ಜಾಗ ನೋಡಿ ನಿಲ್ಲಿಸಿದರು. ಕಾದ ಡ್ರಮ್ಮಿಗೆ ಪಾರ್ಕಿಂಗ್ ಬ್ರೇಕ್ ಹಾಕಿ ಬಿಡಬಾರದೆಂದು ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆವು. ನಾನು ಥರ್ಮಾಮೀಟರ್ ಹೊರತೆಗೆದೆ. "ಇರು," ಎಂದರು ಮಾವ. ಅಂಗೈಯ ಹಿಂಭಾಗವನ್ನು ಒಂದೊಂದು ಡ್ರಮ್ಮಿನ ಹತ್ತಿರ, ಮುಟ್ಟದೆ, ಮಗುವಿನ ಜ್ವರ ನೋಡುವಂತೆ ಹಿಡಿದು ಎಂಟನ್ನೂ ಸುತ್ತಿ ಬಂದರು. ಬಿಸಿಯಾದದ್ದನ್ನು ಹುಡುಕುತ್ತಿದ್ದಾರೆ ಎಂದು ನೋಡುವವರಿಗೆ ಅನ್ನಿಸುತ್ತದೆ. ಅವರು ಹುಡುಕುವುದು ತಣ್ಣಗಿರುವುದನ್ನು. ತಣ್ಣಗಿರುವ ಡ್ರಮ್ಮು ಕೆಲಸ ಮಾಡಿಲ್ಲ, ಉಳಿದವು ಅದರ ಕೆಲಸ ಮಾಡಿವೆ.

"ಈಗ ನಿನ್ ಮಿಷಿನ್ನು ತೋರ್ಸು."

ಒಂದೊಂದಾಗಿ ಓದುತ್ತ ನೋಟ್‌ಬುಕ್ಕಿನಲ್ಲಿ ಬರೆದೆ. ಟ್ರೈಲರಿನ ನಾಲ್ಕೂ ನೂರೈವತ್ತರಿಂದ ನೂರೆಪ್ಪತ್ತರ ನಡುವೆ. ಬೆಳಿಗ್ಗೆ ರಿಪೇರಿಯಾದ ಬಲಗಡೆಯ ಕಡೆಯ ಚಕ್ರ 158. ಹಾರ್ಸಿನ ಮುಂದಿನ ಎರಡು ಸ್ವಲ್ಪ ಕಡಿಮೆ, ಅದು ಇರಬೇಕಾದದ್ದೇ. ಹಿಂದಿನ ಬಲಗಡೆಯದ್ದು 163. ಎಡಗಡೆಯದ್ದಕ್ಕೆ ಗುರಿಯಿಟ್ಟಾಗ 104 ಬಂತು. ಇನ್ನೊಮ್ಮೆ ನೋಡಿದೆ, ಅಷ್ಟೇ. ನಾನು ನಂಬರು ಹೇಳುವ ಮೊದಲೇ ಮಾವ ಪಾನ ಮತ್ತು ಗೋಣಿಚೀಲ ಹಿಡಿದು ಅದೇ ಚಕ್ರದ ಪಕ್ಕದಲ್ಲಿ ನಿಂತಿದ್ದರು. ಅವರ ಕೈಗೆ ಗೊತ್ತಾಗಿತ್ತು. ಮುಖ ಮಾತ್ರ ಬೆಳಿಗ್ಗೆ ಫೋನ್ ಇಟ್ಟಾಗಿನಂತೆ ಇತ್ತು.

"ಮಾವ, ಈಗಲೇ ಟೈಟ್ ಮಾಡ್ತೀರಾ?"

"ಬಿಸಿ ಇರುವಾಗ ಮಾಡುದ್ರೆ ಆರುದ್ಮೇಲೆ ಕಚ್ಕತದೆ. ಒಂದ್ ಗಂಟೆ ಹೋಗ್ಲಿ."

ಮೊಬೈಲು ಎರಡು ಸಲ ಬಡಿದುಕೊಂಡಿತು, ತೆಗೆಯಲಿಲ್ಲ. ಹಡಗಿನ ಸಮಯ ಹೇಗೂ ಮೀರಿತ್ತು. ಅದಾದ ಮೇಲೆ ಆರು ದಿನ ಅವರಿಗೆ ಟ್ರಿಪ್ ಕೊಡಲಿಲ್ಲ ಎಂದು ಅತ್ತೆಯಿಂದ ಆಮೇಲೆ ತಿಳಿಯಿತು. ಏಳನೆಯ ದಿನ ಕರೆದರಂತೆ, ಕಾಫಿ ಸೀಸನ್ನಿನಲ್ಲಿ ಡ್ರೈವರುಗಳು ಸಿಗುವುದಿಲ್ಲ. ಫೀಸಿಗೆ ಅಮ್ಮ ಸ್ವಲ್ಪ ಕೊಟ್ಟಳು.

ಗುಂಡ್ಯದ ಹೋಟೆಲಿನಲ್ಲಿ ಬನ್ಸು ತಿಂದು ಚಹಾ ಕುಡಿದೆವು. ಗಂಟೆ ಕಳೆದ ಮೇಲೆ ಮತ್ತೆ ಅಳತೆ ಮಾಡಿ 60 ಎಂದೆ. ಅವರು ಕೈ ಹಿಡಿದು ನೋಡಿ ಹೂಂ ಎಂದರು. ಗೋಣಿಚೀಲ ಹಾಸಿಕೊಂಡು ತನ್ನದೇ ಕುದುರೆಯ ಅಡಿಗೆ ತೆವಳಿದರು. ಹೊರಗೆ ಕಾಣುತ್ತಿದ್ದದ್ದು ಸವೆದ ಎರಡು ಚಪ್ಪಲಿ ಮಾತ್ರ. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

"ಅವ್ವಾ, ಬ್ಯಾಗಲ್ಲಿ ನನ್ ಕನ್ನಡ್ಕ ಐತೆ, ಕೊಡು."